ಸಣ್ಣ ಐಎಸ್‌ಪಿಯ ನೆಟ್‌ವರ್ಕ್ ದಾಖಲೆ: ನೆಟ್‌ಬಾಕ್ಸ್ ಸಾಕಾ, ಬೇರೆ ಏನಾದರೂ ಬೇಕಾ?

ನಿಮ್ಮದು ಸಣ್ಣ ಐಎಸ್‌ಪಿ (ಇಂಟರ್ನೆಟ್ ಕೊಡುವ ಕಂಪನಿ), ಪ್ರಶ್ನೆ ಇದು: ಹೊಸನಗರ–ತೀರ್ಥಹಳ್ಳಿ ಕಡೆ ಸುಮಾರು 1,800 ಫೈಬರ್ ಕನೆಕ್ಷನ್, 4 ಓಎಲ್‌ಟಿ (ಆಫೀಸಿನಿಂದ ಮನೆಗಳ ಕಡೆ ಫೈಬರ್‌ನಲ್ಲಿ ಬೆಳಕು ಕಳಿಸುವ ಯಂತ್ರ), ಮೆಸ್ಕಾಂ ಕಂಬಗಳ ಮೇಲೆ ಎಳೆದ 24 ಕೋರ್ ಮತ್ತು 12 ಕೋರ್ ಕೇಬಲ್ (ಕೋರ್ ಅಂದರೆ ಒಂದು ಫೈಬರ್ ಎಳೆ). ದಾಖಲೆ ಅಂದರೆ ಒಂದು ಎಕ್ಸೆಲ್ ಫೈಲು, ಒಂದಿಷ್ಟು ವಾಟ್ಸ್ಯಾಪ್ ಫೋಟೋ, ಉಳಿದದ್ದೆಲ್ಲ ಹಳೇ ಲೈನ್‌ಮನ್ ತಲೆಯಲ್ಲಿ. ನೆಟ್‌ಬಾಕ್ಸ್ (ನೆಟ್‌ವರ್ಕ್ ದಾಖಲೆ ಇಡುವ ಸಾಫ್ಟ್‌ವೇರ್) ಹಾಕೋದಾ, ಪಿಎಚ್‌ಪಿ-ಐಪ್ಯಾಮ್ (ಐಪಿ ವಿಳಾಸಗಳ ಲೆಕ್ಕ ಇಡುವ ಸಾಫ್ಟ್‌ವೇರ್) ಸಾಕಾ, ದುಡ್ಡು ಕೊಟ್ಟು ಫೈಬರ್ ಮ್ಯಾಪಿಂಗ್ ಸಾಫ್ಟ್‌ವೇರ್ ತರೋದಾ?

ನಾನು ಹೇಳೋದು: ಎರಡು ಇಟ್ಟುಕೊಳ್ಳಿ, ಒಂದರಲ್ಲೇ ಎಲ್ಲ ತುರುಕಬೇಡಿ. ಕಟ್ಟಡದ ಒಳಗಿನದು ನೆಟ್‌ಬಾಕ್ಸ್‌ನಲ್ಲಿ, ಹೊರಗಿನದು ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್‌ನಲ್ಲಿ. ಎರಡಕ್ಕೂ ಗಡಿ ನಿಮ್ಮ ಓಡಿಎಫ್, ಅಂದರೆ ಹೊರಗಿನ ಕೇಬಲ್ ಬಂದು ಒಳಗಿನ ಯಂತ್ರಗಳಿಗೆ ಸೇರುವ ಪೆಟ್ಟಿಗೆ. ಓಡಿಎಫ್ ಪೋರ್ಟ್ ನಂಬರ್ ಎರಡೂ ಕಡೆ ಅಕ್ಷರ ತಪ್ಪದೆ ಒಂದೇ ಇರಬೇಕು, ಅಷ್ಟೆ.

ನೆಟ್‌ಬಾಕ್ಸ್ 2016ರಿಂದ ಓಪನ್ ಸೋರ್ಸ್. ರ್‍ಯಾಕ್, ರೂಟರ್, ಓಎಲ್‌ಟಿ, ವಿಲ್ಯಾನ್ (ಒಂದೇ ನೆಟ್‌ವರ್ಕ್‌ನೊಳಗಿನ ಬೇರೆ ಬೇರೆ ವಿಭಾಗ), ಐಪಿ, ಅಪ್‌ಸ್ಟ್ರೀಮ್ ಸರ್ಕ್ಯೂಟ್ (ನಿಮಗೆ ಇಂಟರ್ನೆಟ್ ಬರುವ ಲೈನ್), ಯಾವ ಪೋರ್ಟಿನಿಂದ ಯಾವ ಪೋರ್ಟಿಗೆ ಪ್ಯಾಚ್ ಕಾರ್ಡ್ (ಚಿಕ್ಕ ಜೋಡಣೆ ಕೇಬಲ್) ಹೋಗಿದೆ ಅನ್ನೋದು, ಇದಕ್ಕೆಲ್ಲ ಅದಕ್ಕಿಂತ ಚೆನ್ನಾಗಿರೋದು ಪುಕ್ಕಟೆ ಸಿಗಲ್ಲ. ಪಿಎಚ್‌ಪಿ-ಐಪ್ಯಾಮ್‌ನ ಜೋರೆಲ್ಲ ಐಪಿ ವಿಳಾಸದಲ್ಲಿ. ನಿಮ್ಮ ತಲೆನೋವು ಐಪಿ ಅಲ್ಲ. 2 ಸಿಪಿಯು ಕೋರ್, 4 ಜಿಬಿ ರ್‍ಯಾಮ್ ಇರುವ ಉಬುಂಟು ವಿಎಂ (ಸರ್ವರ್‌ನೊಳಗಿನ ವರ್ಚುವಲ್ ಕಂಪ್ಯೂಟರ್) ನಿಮ್ಮ ಗಾತ್ರಕ್ಕೆ ಧಾರಾಳ. ರಾತ್ರಿ ಪಿಜಿ-ಡಂಪ್ (ಡೇಟಾಬೇಸಿನ ನಕಲು) ತೆಗೆಯಿರಿ, ಮೀಡಿಯಾ ಫೋಲ್ಡರನ್ನೂ ಬ್ಯಾಕಪ್‌ಗೆ ಸೇರಿಸಿ. ಅದನ್ನು ಮರೆತರೆ ಫೋಟೋಗಳೆಲ್ಲ ಹೋದ ಹಾಗೆ. ಅಗ್ಗದ ಓಎಲ್‌ಟಿ ಮಾಡೆಲ್‌ಗಳು ನೆಟ್‌ಬಾಕ್ಸ್‌ನ ಡಿವೈಸ್ ಲೈಬ್ರರಿಯಲ್ಲಿ ಸಿಗದಿದ್ದರೆ ಯಾಮಲ್ ಫೈಲು (ಆ ಮಾಡೆಲ್‌ನ ವಿವರ ಇರುವ ಟೆಕ್ಸ್ಟ್ ಫೈಲು) ನೀವೇ ಬರೆಯಿರಿ, ಅರ್ಧ ಗಂಟೆ ಕೆಲಸ. ಪಾಸ್‌ವರ್ಡ್ ಮಾತ್ರ ಅಲ್ಲಿ ಇಡಬೇಡಿ, ಅದಕ್ಕೆ ಕೀಪಾಸ್ ಇದೆ. ಇನ್ನೊಂದು ಮಾತು: ಸ್ಕ್ಯಾನ್ ಮಾಡಿ ತಾನಾಗಿ ತುಂಬಿಸುವ ಆಸೆ ಬಿಡಿ. ಏನಿರಬೇಕೋ ಅದು ನೆಟ್‌ಬಾಕ್ಸ್‌ನಲ್ಲಿ, ಏನಿದೆಯೋ ಅದನ್ನು ಲಿಬ್ರೆಎನ್‌ಎಂಎಸ್ (ನೆಟ್‌ವರ್ಕನ್ನು ಸದಾ ಗಮನಿಸುವ ಸಾಫ್ಟ್‌ವೇರ್) ತೋರಿಸುತ್ತೆ. ಎರಡೂ ಹೊಂದದಿದ್ದಾಗ ತಾನೇ ತಪ್ಪು ಗೊತ್ತಾಗೋದು.

ಸ್ಪ್ಲಿಟರನ್ನು (ಒಂದು ಎಳೆಯ ಬೆಳಕನ್ನು ಹಲವು ಎಳೆಗೆ ಹಂಚುವ ಸಾಧನ) ನೆಟ್‌ಬಾಕ್ಸ್‌ಗೆ ಹಾಕುವವರಿದ್ದಾರೆ: ಹಿಂದೆ 8 ಪೊಸಿಷನ್ ಇರುವ ಒಂದು ರಿಯರ್ ಪೋರ್ಟ್, ಮುಂದೆ 8 ಫ್ರಂಟ್ ಪೋರ್ಟ್. ಆದರೆ ಆ ಮಾದರಿ ಇರೋದು 8 ಬೇರೆ ಬೇರೆ ಎಳೆಗಳಿಗೆ. ಒಂದೇ ಬೆಳಕು 8 ಪಾಲಾಗೋದಕ್ಕಲ್ಲ. ಎರಡು ಹಂತದ ಸ್ಪ್ಲಿಟರ್ ಇಟ್ಟ ಮೇಲೆ ನೆಟ್‌ಬಾಕ್ಸ್‌ನ ಟ್ರೇಸ್ (ಕೇಬಲ್ ದಾರಿ ಹುಡುಕುವ ಸೌಲಭ್ಯ) ತೋರಿಸುವ ದಾರಿಯನ್ನು ನಂಬೋಕಾಗಲ್ಲ. ಅದಕ್ಕೇ ಗಡಿ ಓಡಿಎಫ್ ಅಂದಿದ್ದು.

ಇನ್ನು ಹೊರಗಿನದು. ಮಲೆನಾಡಲ್ಲಿ ನಿಮ್ಮ ನಿಜವಾದ ಕಷ್ಟ ಇರೋದೇ ಅಲ್ಲಿ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬೀಳುತ್ತೆ, ಕಂಬ ವಾಲುತ್ತೆ, ಮಂಗ ಕೇಬಲ್ ಕಡಿಯುತ್ತೆ, ಬೇಸಿಗೆಯಲ್ಲಿ ರಸ್ತೆ ಅಗಲ ಮಾಡೋ ಜೆಸಿಬಿ. ಕ್ಯೂಜಿಐಎಸ್‌ನಲ್ಲಿ ನಾಲ್ಕು ಲೇಯರ್ ಸಾಕು: ಕಂಬ, ಕೇಬಲ್, ಜಾಯಿಂಟ್ (ಕೇಬಲ್‌ಗಳನ್ನು ಜೋಡಿಸಿದ ಪೆಟ್ಟಿಗೆ), ಸ್ಪ್ಲಿಟರ್. ಜೊತೆಗೆ ನಕ್ಷೆಗೆ ಸೇರದ ಒಂದು ಟೇಬಲ್, ಸ್ಪ್ಲೈಸ್ (ಎರಡು ಎಳೆಗಳ ಬೆಸುಗೆ). ಅದರ ಒಂದೊಂದು ಸಾಲೂ ಒಂದು ಕೋರ್: ಜಾಯಿಂಟ್ ಐಡಿ, ಬರುವ ಕೇಬಲ್, ಟ್ಯೂಬ್ (ಕೆಲವು ಎಳೆಗಳನ್ನು ಒಟ್ಟಿಗೆ ಹಿಡಿದಿರುವ ಕೊಳವೆ) ಬಣ್ಣ, ಎಳೆ ಬಣ್ಣ, ಹೋಗುವ ಕೇಬಲ್, ಟ್ಯೂಬ್ ಬಣ್ಣ, ಎಳೆ ಬಣ್ಣ, ತಾರೀಕು. ಬಣ್ಣದ ಕ್ರಮ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ಆಕ್ವಾ ಅಂತ ಇದ್ದರೂ ಎಲ್ಲ ಕೇಬಲ್ಲೂ ಅದನ್ನು ಪಾಲಿಸಲ್ಲ. 24 ಕೋರ್ ಅಂದರೆ ಕೆಲವದರಲ್ಲಿ 6 ಎಳೆಯ 4 ಟ್ಯೂಬ್, ಕೆಲವದರಲ್ಲಿ 12 ಎಳೆಯ 2 ಟ್ಯೂಬ್. ಬರೀ "ಕೋರ್ 7" ಅಂತ ಬರೆದರೆ ಯಾವುದು ಅಂತ ಯಾರಿಗೂ ತಿಳಿಯಲ್ಲ. ಕಣ್ಣಿಗೆ ಕಂಡ ಬಣ್ಣ ಬರೆಯಿರಿ.

ಒಬ್ಬರೇ ಎಡಿಟ್ ಮಾಡೋದಾದರೆ ಜಿಯೋಪ್ಯಾಕೇಜ್ (ನಕ್ಷೆಯ ಡೇಟಾ ಎಲ್ಲ ಒಂದರಲ್ಲೇ ಇರುವ) ಫೈಲು ಸಾಕು. ಇಬ್ಬರಾದರೆ ಪೋಸ್ಟ್‌ಜಿಐಎಸ್ (ನಕ್ಷೆಯ ಡೇಟಾಬೇಸ್ ಸರ್ವರ್) ಹಾಕಲೇಬೇಕು. ಜಿಯೋಪ್ಯಾಕೇಜನ್ನು ಶೇರ್ಡ್ ಫೋಲ್ಡರ್‌ನಲ್ಲಿಟ್ಟು ಇಬ್ಬರು ತೆರೆದರೆ ಲಾಕ್ ಆಗುತ್ತೆ, ಕೆಲವೊಮ್ಮೆ ಕೆಟ್ಟೇ ಹೋಗುತ್ತೆ. ಫೀಲ್ಡ್‌ನಲ್ಲಿ ಹುಡುಗರ ಫೋನಿಗೆ ಕ್ಯೂಫೀಲ್ಡ್ (ಕ್ಯೂಜಿಐಎಸ್ ನಕ್ಷೆ ತೆರೆಯುವ ಆ್ಯಪ್) ಹಾಕಿಕೊಡಿ. ಅದು ಸಿಗ್ನಲ್ ಇಲ್ಲದೆಯೂ ಕೆಲಸ ಮಾಡುತ್ತೆ.

ಐಡಿ ವಿಷಯದಲ್ಲಿ ಸ್ವಲ್ಪ ಹಟ ಹಿಡಿಯಿರಿ. "ಡೈರಿ ಎದುರಿನ ಹಲಸಿನ ಮರದ ಹತ್ತಿರ" ಅನ್ನೋ ಜಾಯಿಂಟ್, ಮರ ಬಿದ್ದ ದಿನ ಅನಾಥ. ಊರು, ವಸ್ತು, ಸಂಖ್ಯೆ ಇಷ್ಟೇ ಇರಲಿ: ಆರ್‌ಪಿಟಿ-ಜೆ-014, ಅಂದರೆ ರಿಪ್ಪನ್‌ಪೇಟೆಯ 14ನೇ ಜಾಯಿಂಟ್. ಕಂಬದ ನಂಬರನ್ನೇ ಐಡಿ ಮಾಡಬೇಡಿ, ಕಂಬ ಬದಲಾದರೆ ನಂಬರೂ ಬದಲಾಗಬಹುದು. ಅದನ್ನು ಬೇರೆ ಕಾಲಂನಲ್ಲಿ ಬರೆಯಿರಿ. ಅಡಿಕೆ ತೋಟ, ಕಾಡಿನ ನಡುವೆ ಫೋನಿನ ಜಿಪಿಎಸ್ 10–15 ಮೀಟರ್ ಆಚೀಚೆ ತೋರಿಸುತ್ತೆ, ಆದ್ದರಿಂದ ಕಂಬದ ಫೋಟೋ ಕಡ್ಡಾಯ. ಜಾಯಿಂಟ್ ತೆಗೆದುಹಾಕಿದರೂ ಆ ನಂಬರನ್ನು ಮತ್ತೆ ಬೇರೆಯದಕ್ಕೆ ಕೊಡಬೇಡಿ.

ಈಗ ಹೆಚ್ಚಿನವರು ಬರೆಯದೇ ಬಿಡುವ ಒಂದು ಅಂಕಿ. ಕೇಬಲ್ ಕವಚದ ಮೇಲೆ ಮೀಟರಿಗೊಂದು ಗುರುತು ಅಚ್ಚಾಗಿರುತ್ತೆ. ಪ್ರತಿ ಜಾಯಿಂಟ್‌ನಲ್ಲೂ ಒಳಬರುವ, ಹೊರಹೋಗುವ ಕೇಬಲ್ ಎರಡರ ಗುರುತನ್ನೂ ಬರೆದುಕೊಳ್ಳಿ. ಯಾಕೆ ಅಂದರೆ, ಓಟಿಡಿಆರ್ (ಫೈಬರ್ ಎಷ್ಟು ದೂರದಲ್ಲಿ ತುಂಡಾಗಿದೆ ಅಂತ ಅಳೆಯುವ ಯಂತ್ರ) ಹೇಳೋದು ಎಳೆಯ ಉದ್ದ, ರಸ್ತೆಯ ಉದ್ದ ಅಲ್ಲ. ಓಟಿಡಿಆರ್ 7,420 ಮೀಟರ್‌ಗೆ ಕಟ್ ತೋರಿಸಿತು ಅನ್ನಿ. ನಡುವೆ 9 ಜಾಯಿಂಟ್, ಒಂದೊಂದರಲ್ಲೂ 30 ಮೀಟರ್ ಲೂಪ್ ಸುತ್ತಿದ್ದರೆ 270 ಮೀಟರ್ ಅಲ್ಲೇ ಹೋಯಿತು. ಉಳಿದ 7,150ರಲ್ಲಿ ಕೇಬಲ್ ಜೋತಿರುವುದಕ್ಕೆ, ಟ್ಯೂಬ್ ಒಳಗೆ ಎಳೆ ಸುರುಳಿಯಾಗಿರುವುದಕ್ಕೆ ಸುಮಾರು 2 ಶೇಕಡಾ ಕಳೆದರೆ ನಕ್ಷೆಯ ಮೇಲೆ 7,010 ಮೀಟರ್. ವ್ಯತ್ಯಾಸ 410 ಮೀಟರ್, 45 ಮೀಟರಿಗೊಂದು ಕಂಬ ಅಂದರೆ 9 ಕಂಬ. ಸುರಿಯುವ ಮಳೆಯಲ್ಲಿ ಒಂಬತ್ತು ಕಂಬ ತಪ್ಪಿ ಹತ್ತಿಸಿದರೆ ಲೈನ್‌ಮನ್ ಬೈಯದೆ ಇರ್ತಾನಾ? ಕವಚದ ಗುರುತು ಇದ್ದರೆ ಲೂಪಿನ ಅಂದಾಜೇ ಬೇಡ, ಹತ್ತಿರದ ಜಾಯಿಂಟ್‌ನಿಂದ ಎಷ್ಟು ಮೀಟರ್ ಅಂತ ನೇರ ಸಿಗುತ್ತೆ. ಓಟಿಡಿಆರ್‌ನಲ್ಲಿ ಐಓಆರ್ (ಗಾಜಿನ ವಕ್ರೀಭವನ ಸೂಚ್ಯಂಕ) ಎಷ್ಟಿಟ್ಟು ಅಳೆದಿರಿ ಅನ್ನೋದನ್ನೂ ಬರೆದಿಡಿ. ಸಾಮಾನ್ಯ ಸಿಂಗಲ್ ಮೋಡ್ ಫೈಬರ್‌ಗೆ 1.468 ಸುಮಾರು.

ಸ್ಪ್ಲಿಟರ್ ಲೇಯರ್‌ಗೆ ಎರಡು ಕಾಲಂ ಹೆಚ್ಚು ಸೇರಿಸಿ: ಹಾಕಿದ ದಿನದ ಪವರ್, ಲೆಕ್ಕದ ಪ್ರಕಾರ ಬರಬೇಕಾದ ಪವರ್. ಲೆಕ್ಕ ಸುಲಭ. ಓಎಲ್‌ಟಿಯಿಂದ 3.5 ಡಿಬಿಎಂ (ಬೆಳಕಿನ ಶಕ್ತಿಯ ಅಳತೆ) ಹೊರಟರೆ, ದಾರಿಯಲ್ಲಿ ಕಳೆಯೋದು 8 ಕಿಮೀಗೆ 2.4 ಡಿಬಿ, 1:8 ಸ್ಪ್ಲಿಟರ್ ಎರಡಕ್ಕೆ 10.5ರಂತೆ 21, ಕನೆಕ್ಟರ್ ಸ್ಪ್ಲೈಸ್‌ಗೆ 1.5. ಮನೆಯಲ್ಲಿ ಸುಮಾರು -21.4 ಬರಬೇಕು. ಕ್ಲಾಸ್ ಬಿ ಪ್ಲಸ್ ದರ್ಜೆಯ ಓಎನ್‌ಯುಗೆ (ಗ್ರಾಹಕರ ಮನೆಯ ಫೈಬರ್ ಪೆಟ್ಟಿಗೆ) ಮಿತಿ -27. ಮಳೆಗಾಲದಲ್ಲಿ -25 ಕಂಡರೆ "ಓಡ್ತಿದೆ ಬಿಡು" ಅನ್ನೋದಕ್ಕೂ, 3.6 ಡಿಬಿ ಎಲ್ಲೋ ಸೋರಿದೆ ಅಂತ ಹುಡುಕೋದಕ್ಕೂ ಇರುವ ಅಂತರ ಈ ಒಂದು ಹಳೇ ಅಂಕಿ. ಓಎಲ್‌ಟಿ ಕಡೆಗೆ ಬರುವ 1310 ನ್ಯಾನೋಮೀಟರ್ ಬೆಳಕಿನ ಪವರನ್ನೂ ಬರೆದಿದ್ದರೆ ಇನ್ನೂ ಒಳ್ಳೇದು: ಕೇಬಲ್ ಎಲ್ಲೋ ಮಡಚಿಕೊಂಡಿದ್ದರೆ ಮನೆಗೆ ಬರುವ 1490 ನ್ಯಾನೋಮೀಟರ್ ಬೆಳಕು ಹೆಚ್ಚು ಇಳಿಯುತ್ತೆ, 1310 ಅಷ್ಟು ಇಳಿಯಲ್ಲ.

ಗ್ರಾಹಕರ ಹೆಸರು, ಫೋನ್ ನಂಬರ್ ನೆಟ್‌ಬಾಕ್ಸ್, ಕ್ಯೂಜಿಐಎಸ್ ಎರಡರಲ್ಲೂ ಬೇಡ. ಅದು ಬಿಲ್ಲಿಂಗ್‌ನಲ್ಲೇ ಇರಲಿ. ಬಿಲ್ಲಿಂಗ್‌ನಲ್ಲಿ ಓಎನ್‌ಯು ಸೀರಿಯಲ್ ಪಕ್ಕ ಸ್ಪ್ಲಿಟರ್ ಐಡಿ ಮತ್ತು ಪೋರ್ಟ್ ಬರೆಯಲು ಒಂದು ಜಾಗ ಮಾಡಿ. ಡ್ರಾಪ್ ಕೇಬಲ್‌ಗಳನ್ನು (ಸ್ಪ್ಲಿಟರ್‌ನಿಂದ ಮನೆಗೆ ಹೋಗುವವು) ನಕ್ಷೆಯಲ್ಲಿ ಎಳೆಯಲು ಹೋಗಬೇಡಿ. 1,800 ಗೆರೆ ಎಳೆಯುವಷ್ಟರಲ್ಲಿ 200 ಬದಲಾಗಿರುತ್ತೆ.

ದುಡ್ಡು ಕೊಟ್ಟು ತರುವ ಸಾಫ್ಟ್‌ವೇರ್ ಕೆಟ್ಟದ್ದೇನಲ್ಲ. ಮೇಲಿನದನ್ನು ಕಟ್ಟಿಕೊಳ್ಳುವ ಒಬ್ಬ ಹುಡುಗ ನಿಮ್ಮಲ್ಲಿಲ್ಲದಿದ್ದರೆ ಅದೇ ಸರಿ, ಯಾಕೆಂದರೆ ಒಂದು ಕೋರ್‌ನ ಪೂರ್ತಿ ದಾರಿ ಬೇಕಾದರೆ ಪೋಸ್ಟ್‌ಜಿಐಎಸ್‌ನಲ್ಲಿ ರಿಕರ್ಸಿವ್ ಕ್ವೆರಿ (ಒಂದು ಜಾಯಿಂಟ್‌ನಿಂದ ಮುಂದಿನದಕ್ಕೆ ಹಿಂಬಾಲಿಸುತ್ತ ಹೋಗುವ ಹುಡುಕಾಟ) ಬರೆಯಲೇಬೇಕು. ಡೆಮೋ ದಿನ ನಿಮ್ಮದೇ ಒಂದು ಜಾಯಿಂಟ್ ಮತ್ತು ಎರಡು ಹಂತದ ಸ್ಪ್ಲಿಟರ್ ಸಾಫ್ಟ್‌ವೇರ್ ಮಾರುವವರ ಎದುರೇ ಅದರಲ್ಲಿ ಹಾಕಿಸಿ, ಆಮೇಲೆ ಸ್ಪ್ಲೈಸ್ ಸಮೇತ ಎಲ್ಲ ಡೇಟಾ ಸಿಎಸ್‌ವಿಯಲ್ಲಿ (ಎಕ್ಸೆಲ್‌ನಲ್ಲಿ ತೆರೆಯುವ ಸಾದಾ ಫೈಲು) ಹೊರತೆಗೆದು ತೋರಿಸಿ ಅನ್ನಿ. ಬರೀ ಪಿಡಿಎಫ್ ಕೊಟ್ಟರೆ ಎದ್ದು ಬನ್ನಿ.

ಸರ್ವೆಯನ್ನು ಮಳೆ ಹಿಡಿಯುವ ಮುಂಚೆ, ಫೀಡರ್ ಕೇಬಲ್‌ನಿಂದ (ಓಎಲ್‌ಟಿ ಕಡೆಯಿಂದ ಹೊರಡುವ ಮುಖ್ಯ ಕೇಬಲ್) ಶುರು ಮಾಡಿ. ಬೈಕಲ್ಲಿ ಇಬ್ಬರು ಹೋಗಿ ಪೆಟ್ಟಿಗೆ ಬಿಚ್ಚಿ ನೋಡುವುದಾದರೆ ದಿನಕ್ಕೆ 10–15 ಜಾಯಿಂಟ್ ಆದೀತು. ಆಮೇಲೆ ಒಂದೇ ನಿಯಮ: ಸ್ಪ್ಲೈಸಿಂಗ್ ಮಾಡಿದವನ ಕೂಲಿ, ಆ ಜಾಯಿಂಟ್‌ನ ಸಾಲು ತುಂಬಿದ ಮೇಲೆಯೇ. ಮತ್ತೆ, ಲಿಂಕ್ ಬಿದ್ದು ಕರೆಂಟೂ ಹೋದ ಹೊತ್ತಲ್ಲಿ ಆಫೀಸಿನ ಸರ್ವರ್ ತೆರೆಯಲ್ಲ. ಫೀಡರ್ ನಕ್ಷೆಯನ್ನು ಎ3 ಹಾಳೆಯಲ್ಲಿ ತೆಗೆದು ಲ್ಯಾಮಿನೇಟ್ ಮಾಡಿಸಿ ಜೀಪಿನಲ್ಲಿಡಿ, ಮೂಲೆಯಲ್ಲಿ ಪ್ರಿಂಟ್ ತಾರೀಕು ಇರಲಿ.