ಕುಳಿತು ಕೇಳಿದ ಗಂಟೆಗಳು: ನೇತ್ರ ವೈದ್ಯರ ಸಮ್ಮೇಳನವೂ ಕ್ರೆಡಿಟ್ ಲೆಕ್ಕವೂ

ಓದುಗರ ಪ್ರಶ್ನೆಗಳಿಗೆ ಹಿರಿಯ ನೇತ್ರ ವೈದ್ಯರೊಬ್ಬರ ಉತ್ತರ

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಕೆಲವು ವರ್ಷಗಳಿಂದ ಒಬ್ಬಳೇ ಕಣ್ಣಿನ ಆಸ್ಪತ್ರೆ ನಡೆಸುತ್ತಿದ್ದೇನೆ. ವೈದ್ಯಕೀಯ ಪರಿಷತ್ತಿನಲ್ಲಿ ನನ್ನ ನೋಂದಣಿಯ ನವೀಕರಣಕ್ಕೆ ಇನ್ನು ಹದಿನಾಲ್ಕು ತಿಂಗಳಿದೆ, ಆದರೆ ನನ್ನ ಲೆಕ್ಕದಲ್ಲಿರುವ ಕ್ರೆಡಿಟ್ ಗಂಟೆಗಳು ಹನ್ನೊಂದು ಮಾತ್ರ. ರಾಜ್ಯ ಮಟ್ಟದ ಸಮ್ಮೇಳನಕ್ಕೆ ಹೋಗಬೇಕೆಂದರೆ ಮೂರು ದಿನ ಆಸ್ಪತ್ರೆ ಮುಚ್ಚಬೇಕು. ‘ಬೆಳಿಗ್ಗೆ ಹೋಗಿ ಹಾಜರಿ ಹಾಕಿ ಬಂದರೆ ಸಾಕು, ಗಂಟೆ ಸಿಗುತ್ತದೆ’ ಎಂದು ಸ್ನೇಹಿತರು ಹೇಳುತ್ತಾರೆ. ಈ ಗಂಟೆಗಳ ಲೆಕ್ಕ ಹೇಗೆ? ಹೋದರೆ ನಿಜವಾಗಿ ಉಪಯೋಗವಾಗುವಂತೆ ಹೋಗುವುದು ಹೇಗೆ?
ನೇತ್ರ ವೈದ್ಯೆ, ಹಾವೇರಿ ಜಿಲ್ಲೆ

ಉತ್ತರ: ಮೊದಲು ನಿಯಮದ ಮಾತನ್ನು ಮುಗಿಸುತ್ತೇನೆ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ವೃತ್ತಿ ನಡವಳಿಕೆಯ ನಿಯಮಾವಳಿಯು, ಪ್ರತಿಯೊಬ್ಬ ವೈದ್ಯರೂ ಐದು ವರ್ಷಗಳಿಗೆ ಕನಿಷ್ಠ 30 ಗಂಟೆಗಳಷ್ಟಾದರೂ ನಿರಂತರ ವೈದ್ಯಕೀಯ ಶಿಕ್ಷಣದಲ್ಲಿ, ಅಂದರೆ ನಾವು ರೂಢಿಯಲ್ಲಿ ಸಿಎಂಇ ಎನ್ನುವ ಕಾರ್ಯಕ್ರಮಗಳಲ್ಲಿ, ಭಾಗವಹಿಸಬೇಕೆಂದು ಹೇಳುತ್ತದೆ. ಆ ಪರಿಷತ್ತಿನ ಸ್ಥಾನಕ್ಕೆ 2020ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದಿತು. ಆಯೋಗವು 2023ರ ಆಗಸ್ಟಿನಲ್ಲಿ ಹೊಸ ನಿಯಮಾವಳಿಯೊಂದನ್ನು ಪ್ರಕಟಿಸಿ ಅದೇ ತಿಂಗಳಿನಲ್ಲಿ ತಡೆಹಿಡಿದದ್ದರಿಂದ ಹಳೆಯ ನಿಯಮಾವಳಿಯೇ ಮತ್ತೆ ಜಾರಿಗೆ ಬಂದಿತು. ನಮ್ಮ ರಾಜ್ಯದಲ್ಲಿ ಈ ಗಂಟೆಗಳ ಲೆಕ್ಕವನ್ನು ನೋಡುವುದು ಕರ್ನಾಟಕ ವೈದ್ಯಕೀಯ ಪರಿಷತ್ತು. ಐದು ವರ್ಷಕ್ಕೊಮ್ಮೆ ಅಲ್ಲಿ ನೋಂದಣಿಯನ್ನು ನವೀಕರಿಸಿಕೊಳ್ಳುವಾಗ ಈ 30 ಗಂಟೆಗಳನ್ನು ತೋರಿಸಬೇಕಾಗುತ್ತದೆ.

ಸಮ್ಮೇಳನಕ್ಕೆ ಕ್ರೆಡಿಟ್ ತಾನಾಗಿ ಬರುವುದಿಲ್ಲ. ಸಂಘಟಕರು ಕಾರ್ಯಕ್ರಮದ ವಿವರ ಮತ್ತು ಉಪನ್ಯಾಸಕರ ಪಟ್ಟಿಯೊಂದಿಗೆ ಪರಿಷತ್ತಿಗೆ ಮುಂಚಿತವಾಗಿ ಅರ್ಜಿ ಹಾಕಿಕೊಳ್ಳಬೇಕು. ಪರಿಷತ್ತು ಅದನ್ನು ಪರಿಶೀಲಿಸಿ ಇಂತಿಷ್ಟು ಗಂಟೆ ಎಂದು ಮಂಜೂರು ಮಾಡುತ್ತದೆ, ತನ್ನ ವೀಕ್ಷಕರನ್ನೂ ಕಳುಹಿಸುತ್ತದೆ. ನೀವು ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಕುಳಿತರೂ ಮಂಜೂರಾದಷ್ಟು ಗಂಟೆಗಳೇ ನಿಮ್ಮ ಪಾಲಿಗೆ ಬರುವುದು. ಆದ್ದರಿಂದ ಆಹ್ವಾನ ಪತ್ರಿಕೆಯಲ್ಲಿ ‘ಕ್ರೆಡಿಟ್ ಗಂಟೆಗೆ ಅರ್ಜಿ ಸಲ್ಲಿಸಲಾಗಿದೆ’ ಎಂದಿದೆಯೋ ‘ಮಂಜೂರಾಗಿದೆ’ ಎಂದಿದೆಯೋ ಎಂಬುದನ್ನು ಗಮನವಿಟ್ಟು ಓದಿ, ಏಕೆಂದರೆ ಎರಡಕ್ಕೂ ತುಂಬ ವ್ಯತ್ಯಾಸವಿದೆ. ಪ್ರತಿನಿಧಿಯಾಗಿ ಹೆಸರು ಕೊಡುವಾಗ ನಿಮ್ಮ ನೋಂದಣಿ ಸಂಖ್ಯೆಯನ್ನು ತಪ್ಪಿಲ್ಲದೆ ಬರೆಯಿರಿ. ಒಂದು ಅಂಕಿ ತಪ್ಪಿದರೂ ನಿಮ್ಮ ಗಂಟೆಗಳು ನಿಮ್ಮ ಲೆಕ್ಕಕ್ಕೆ ಸೇರುವುದು ಕಷ್ಟ. ಪ್ರಮಾಣಪತ್ರ ಕೈಗೆ ಬಂದ ದಿನವೇ ಅದರ ಒಂದು ನಕಲನ್ನು ತೆಗೆದಿಟ್ಟುಕೊಳ್ಳಿ. ಇನ್ನು ನಿಮಗೆ ಬೇಕಾಗಿರುವುದು ಹತ್ತೊಂಬತ್ತು ಗಂಟೆ. ಅಷ್ಟೂ ಒಂದೇ ಸಮ್ಮೇಳನದಿಂದ ಬರಲಾರದು ಎಂದುಕೊಂಡೇ ಲೆಕ್ಕ ಹಾಕಿ. ಜಿಲ್ಲಾ ಸಂಘಗಳು ಮತ್ತು ವೈದ್ಯಕೀಯ ಕಾಲೇಜುಗಳು ಭಾನುವಾರಗಳಂದು ನಡೆಸುವ ಒಂದು ದಿನದ ಸಿಎಂಇಗಳಿಗೂ ಹೋಗಿ. ಮುಂದಿನ ಐದು ವರ್ಷಗಳಲ್ಲಿಯಾದರೂ ವರ್ಷಕ್ಕೆ ಆರು ಗಂಟೆಯಂತೆ ಸಮನಾಗಿ ಹಂಚಿಕೊಂಡರೆ ಕೊನೆಯ ವರ್ಷದ ಈ ಓಡಾಟ ತಪ್ಪುತ್ತದೆ.

ಈಗ ‘ಹಾಜರಿ ಹಾಕಿ ಬಂದರೆ ಸಾಕು’ ಎಂಬ ಮಾತಿಗೆ ಬರುತ್ತೇನೆ. ಇದಕ್ಕೆ ನಿಯಮವನ್ನು ತೋರಿಸಿ ಉತ್ತರಿಸುವುದಕ್ಕಿಂತ ನನ್ನದೇ ಒಂದು ತಪ್ಪನ್ನು ಹೇಳುವುದು ಸರಿ ಎನಿಸುತ್ತದೆ. ಈ ನಿಯಮ ಬಂದ ಹೊಸತರಲ್ಲಿ ನಾನೂ ಒಂದು ಸಮ್ಮೇಳನದಲ್ಲಿ ಬೆಳಿಗ್ಗೆ ಸಹಿ ಹಾಕಿ, ಮಧ್ಯಾಹ್ನದ ಗೋಷ್ಠಿಗಳನ್ನು ಬಿಟ್ಟು, ಪೊರೆ ಶಸ್ತ್ರಚಿಕಿತ್ಸೆಯ ಹೊಸ ಯಂತ್ರಗಳನ್ನು ನೋಡುತ್ತ ಪ್ರದರ್ಶನ ಮಳಿಗೆಗಳಲ್ಲಿ ಸುತ್ತಾಡಿದೆ. ಹಾಗೆ ಬಿಟ್ಟ ಗೋಷ್ಠಿಗಳಲ್ಲಿ ಒಂದು, ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳ ಅಕ್ಷಿಪಟಲದ ರೋಗವನ್ನು ಕುರಿತದ್ದಾಗಿತ್ತು. ನನ್ನ ಊರಿನಲ್ಲಿ ಅಂಥ ಶಿಶುಗಳು ಎಲ್ಲಿ ಬರುತ್ತವೆ ಎಂದುಕೊಂಡಿದ್ದೆ. ಅದಾದ ಕೆಲವು ತಿಂಗಳಿಗೆ ಒಬ್ಬ ತಾಯಿ ಮೂರು ವಾರದ ಮಗುವನ್ನು ಕಣ್ಣಲ್ಲಿ ಗೀಜು ಬರುತ್ತದೆಂದು ಕರೆತಂದಳು. ಏಳು ತಿಂಗಳಿಗೇ ಹುಟ್ಟಿ ಜಿಲ್ಲಾ ಕೇಂದ್ರದಲ್ಲಿ ಗಾಜಿನ ಪೆಟ್ಟಿಗೆಯಲ್ಲಿದ್ದ ಮಗು ಎಂಬುದನ್ನು ಆಕೆಯೇ ಹೇಳಿದ್ದಳು. ನಾನು ಡ್ರಾಪ್ಸ್ ಬರೆದುಕೊಟ್ಟು ಕಳುಹಿಸಿದೆನೇ ಹೊರತು, ಪಾಪೆ ಹಿಗ್ಗಿಸಿ ಅಕ್ಷಿಪಟಲವನ್ನು ನೋಡಲಿಲ್ಲ, ನೋಡಬಲ್ಲವರ ಬಳಿಗೆ ಕಳುಹಿಸಲೂ ಇಲ್ಲ. ಅದೇ ತಾಯಿ ಮತ್ತೆ ಬಂದಾಗ ಮಗುವಿಗೆ ಎಂಟು ತಿಂಗಳು. ಎರಡೂ ಪಾಪೆಗಳು ಬೆಳ್ಳಗಾಗಿದ್ದವು. ಅಕ್ಷಿಪಟಲ ಪೂರ್ತಿ ಕಳಚಿಕೊಂಡಿತ್ತು, ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಆ ರೋಗ ಬರುವುದು ತಡವಾಗಿ ಅಲ್ಲ, ಮೊದಲ ಕೆಲವು ವಾರಗಳಲ್ಲಿ. 34 ವಾರ ತುಂಬುವ ಮೊದಲು ಹುಟ್ಟಿದ ಅಥವಾ 2000 ಗ್ರಾಮಿಗಿಂತ ಕಡಿಮೆ ತೂಕದ ಶಿಶುವಿನ ಅಕ್ಷಿಪಟಲವನ್ನು ಹುಟ್ಟಿದ ಮೂವತ್ತು ದಿನಗಳೊಳಗೆ ಒಮ್ಮೆ ನೋಡಲೇಬೇಕು, 28 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ 1200 ಗ್ರಾಮಿಗಿಂತ ಕಡಿಮೆ ತೂಕದ ಶಿಶುವಾದರೆ ಎರಡು ಮೂರು ವಾರಕ್ಕೇ ನೋಡಬೇಕು ಎಂಬುದು ಈಗ ನಮ್ಮ ದೇಶದ ಮಾರ್ಗಸೂಚಿ. ಚಿಕಿತ್ಸೆ ಬೇಕಾದ ಹಂತ ತಲುಪಿದರೆ ಎರಡು ಮೂರು ದಿನಗಳೊಳಗೆ ಲೇಸರ್ ಆಗಬೇಕು. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯವು ಕಿಡ್‌ರಾಪ್ ಎಂಬ ಕಾರ್ಯಕ್ರಮವನ್ನು ಆರಂಭಿಸಿ, ತರಬೇತಿ ಪಡೆದ ತಂತ್ರಜ್ಞರ ಕೈಯಲ್ಲಿ ಕ್ಯಾಮೆರಾ ಕೊಟ್ಟು, ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಕಳುಹಿಸಿ, ಚಿತ್ರಗಳನ್ನು ದೂರದಿಂದ ತಜ್ಞರು ನೋಡುವ ವ್ಯವಸ್ಥೆ ಮಾಡಿದ್ದು ನಮ್ಮ ರಾಜ್ಯದ ಹೆಮ್ಮೆ. ಆದರೆ ಯಾವ ಕಾರ್ಯಕ್ರಮವಿದ್ದರೂ, ಗೀಜಿಗೆಂದು ಬಂದ ಶಿಶುವಿನ ತೂಕವನ್ನೂ ಹುಟ್ಟಿದ ವಾರವನ್ನೂ ಕೇಳಬೇಕೆಂದು ತಾಲ್ಲೂಕಿನ ಕಣ್ಣಿನ ವೈದ್ಯರಿಗೆ ಹೊಳೆಯಬೇಕಲ್ಲ! ನಾನು ಅಂದು ಕೇಳದೆ ಬಿಟ್ಟದ್ದು ಆ ಒಂದು ಗಂಟೆಯನ್ನು. ನನ್ನ ಪ್ರಮಾಣಪತ್ರದಲ್ಲಿ ಮಾತ್ರ ಅದೂ ಸೇರಿತ್ತು.

ಹಾಗಾಗಿ ಉಪಯೋಗವಾಗುವಂತೆ ಹೋಗುವುದು ಹೇಗೆ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು: ಹೊರಡುವ ವಾರ ಹಿಂದಿನ ಆರು ತಿಂಗಳ ಹೊರರೋಗಿ ಪುಸ್ತಕವನ್ನು ತೆಗೆದು, ಎಲ್ಲಿ ನಿಮಗೆ ಕೈ ತಡೆಯಿತು, ಯಾರನ್ನು ಹುಬ್ಬಳ್ಳಿಗೋ ದಾವಣಗೆರೆಗೋ ಕಳುಹಿಸಿದಿರಿ, ಯಾರು ವಾಸಿಯಾಗಲಿಲ್ಲ ಎಂಬುದನ್ನು ಗುರುತು ಹಾಕಿಕೊಳ್ಳಿ, ಆಮೇಲೆ ಸಮ್ಮೇಳನದ ಪಟ್ಟಿಯನ್ನು ತೆರೆಯಿರಿ. ಒಂದೇ ಹೊತ್ತಿಗೆ ನಾಲ್ಕಾರು ಸಭಾಂಗಣಗಳಲ್ಲಿ ಗೋಷ್ಠಿಗಳು ನಡೆಯುವಾಗ ಈ ಗುರುತುಗಳೇ ನಿಮಗೆ ದಾರಿ ತೋರಿಸಬೇಕು. ನಿಮ್ಮದು ಮೆಕ್ಕೆಜೋಳದ ಸೀಮೆ. ಗರಿ ಬಡಿದು ಕರಿಗುಡ್ಡೆಗೆ ಹುಣ್ಣಾಗಿ, ಔಷಧಿ ಅಂಗಡಿಯವರು ಕೊಟ್ಟ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿಕೊಂಡು, ಹುಣ್ಣು ಹಬ್ಬಿದ ಮೇಲೆ ನಿಮ್ಮಲ್ಲಿಗೆ ಬರುವ ರೈತರನ್ನು ನೀವು ನೋಡಿಯೇ ಇರುತ್ತೀರಿ. ಇಂಥ ಶಿಲೀಂಧ್ರದ ಹುಣ್ಣಿಗೆ ಹಳೆಯ ನಾಟಮೈಸಿನ್ ಮೇಲೋ ಹೊಸ ವೋರಿಕೊನಜೋಲ್ ಮೇಲೋ ಎಂಬ ಪ್ರಶ್ನೆಯನ್ನು ತಮಿಳುನಾಡಿನ ಅರವಿಂದ ಕಣ್ಣಾಸ್ಪತ್ರೆಗಳಲ್ಲಿ ನಡೆದ ಅಧ್ಯಯನವೊಂದು ಪರಿಶೀಲಿಸಿ, ಹಳೆಯ ಔಷಧಿಯೇ ಮೇಲೆಂದು 2013ರಲ್ಲಿ ಪ್ರಕಟಿಸಿತು. ಫ್ಯುಸೇರಿಯಂ ಜಾತಿಯ ಶಿಲೀಂಧ್ರದಲ್ಲಿ ಆ ವ್ಯತ್ಯಾಸ ಇನ್ನೂ ಸ್ಪಷ್ಟವಾಗಿತ್ತು. ಹೊಸದೆಲ್ಲ ಒಳ್ಳೆಯದೆಂದು ದುಬಾರಿ ಔಷಧಿ ಬರೆಯುವ ನಮ್ಮ ಅಭ್ಯಾಸವನ್ನು ತಿದ್ದಬಲ್ಲ ಇಂಥ ಮಾತುಗಳು ಕರಿಗುಡ್ಡೆಯ ಗೋಷ್ಠಿಯಲ್ಲಿ ಸಿಗುತ್ತವೆ. ದೊಡ್ಡ ಸಭಾಂಗಣದಲ್ಲಿ ದೊಡ್ಡ ಪರದೆಯ ಮೇಲೆ ನಡೆಯುವ ಶಸ್ತ್ರಚಿಕಿತ್ಸೆಯ ನೇರ ಪ್ರದರ್ಶನ ನೋಡಲು ಚೆನ್ನಾಗಿರುತ್ತದೆ, ನಿಜ. ಆದರೆ ನಿಮ್ಮ ಊರಿನ ರೈತನ ಕಣ್ಣು ಉಳಿಯುವುದು ಪಕ್ಕದ ಚಿಕ್ಕ ಕೊಠಡಿಯಲ್ಲಿ ಕೇಳಿದ್ದರಿಂದ.

ಕೈಗೆ ಅಭ್ಯಾಸ ಬೇಕೆನಿಸಿದರೆ ವೆಟ್ ಲ್ಯಾಬ್‌ಗೆ ಹೆಸರು ಕೊಡಿ. ಅಲ್ಲಿ ಮೇಕೆಯ ಕಣ್ಣಿನ ಮೇಲೆ ಸೂಕ್ಷ್ಮದರ್ಶಕದಡಿ ಅಭ್ಯಾಸ ಮಾಡಿಸುತ್ತಾರೆ. ಮೇಕೆಯ ಮಸೂರದ ಪೊರೆಚೀಲ ಮನುಷ್ಯರದಕ್ಕಿಂತ ಹೆಚ್ಚು ಎಳೆದಾಡುವುದರಿಂದ ಮೊದಲ ಅರ್ಧ ಗಂಟೆ ಬೇಸರವಾಗಬಹುದು, ಬಿಡಬೇಡಿ. ಜಾಗ ಕಡಿಮೆ, ಶುಲ್ಕ ಬೇರೆ. ಆ ಅವಧಿ ಕ್ರೆಡಿಟ್‌ಗೆ ಸೇರುತ್ತದೆಯೇ ಎಂದು ಸಂಘಟಕರನ್ನು ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ಔಷಧಿ ಕಂಪನಿಯ ಪ್ರತಿನಿಧಿಯೊಬ್ಬರು ಸಮ್ಮೇಳನದ ಪ್ರತಿನಿಧಿ ಶುಲ್ಕವನ್ನೂ ಹೋಟೆಲ್ ಖರ್ಚನ್ನೂ ತಾವೇ ನೋಡಿಕೊಳ್ಳುವುದಾಗಿ ಹೇಳಿದ್ದಾರೆ. ಕಲಿಯುವುದಕ್ಕೆಂದೇ ಹೋಗುತ್ತಿರುವಾಗ ಒಪ್ಪಿಕೊಂಡರೆ ತಪ್ಪೇ?
ಯುವ ವೈದ್ಯ, ಬಳ್ಳಾರಿ

ಉತ್ತರ: ತಪ್ಪು. ಮೇಲೆ ಹೇಳಿದ 2002ರ ನಿಯಮಾವಳಿಗೆ 2009ರಲ್ಲಿ ಬಂದ ತಿದ್ದುಪಡಿಯು, ಸಮ್ಮೇಳನ, ಕಾರ್ಯಾಗಾರ, ಸಿಎಂಇಗಳಿಗೆ ಪ್ರತಿನಿಧಿಯಾಗಿ ಹೋಗುವ ವೈದ್ಯರು ಔಷಧಿ ಕಂಪನಿಗಳಿಂದ ಪ್ರಯಾಣದ ಟಿಕೆಟನ್ನಾಗಲಿ ಹೋಟೆಲ್ ವಸತಿಯನ್ನಾಗಲಿ ಪಡೆಯಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ಕೇಂದ್ರ ಸರ್ಕಾರದ ಔಷಧ ಇಲಾಖೆಯು 2024ರ ಮಾರ್ಚಿನಲ್ಲಿ ಹೊರಡಿಸಿದ ಮಾರಾಟ ಸಂಹಿತೆಯು ಇದೇ ಕಟ್ಟನ್ನು ಕಂಪನಿಗಳ ಕಡೆಯಿಂದಲೂ ಬಿಗಿ ಮಾಡಿತು. ಉಪನ್ಯಾಸಕರಾಗಿ ಹೋಗುವವರಿಗೆ ಮಾತ್ರ ಅಲ್ಲಿ ವಿನಾಯಿತಿ ಇದೆ. ನಿಮ್ಮ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಸಮ್ಮೇಳನದಿಂದ ಬಂದ ಮರುದಿನ ಅದೇ ಪ್ರತಿನಿಧಿ ನಿಮ್ಮ ಎದುರು ಕುಳಿತು ತನ್ನ ಡ್ರಾಪ್ಸಿನ ಹೆಸರು ಹೇಳುವಾಗ, ಅಗ್ಗದ ಇನ್ನೊಂದನ್ನು ಬರೆಯಲು ನಿಮ್ಮ ಕೈ ಒಂದು ಕ್ಷಣ ತಡೆದರೂ ಆ ಕ್ಷಣದ ಬೆಲೆಯನ್ನು ಕೊಡುವವನು ರೋಗಿ. ಮುಂಚಿತವಾಗಿ ಹಣ ಕಟ್ಟಿದವರಿಗೆ ಶುಲ್ಕ ಕಡಿಮೆ ಇರುವುದು ರೂಢಿ. ಇಬ್ಬರು ಸಹೋದ್ಯೋಗಿಗಳು ಸೇರಿ ಒಂದು ಕೋಣೆ ಹಿಡಿದರೆ ಖರ್ಚು ಇನ್ನೂ ಇಳಿಯುತ್ತದೆ.

ಪ್ರಶ್ನೆ: ನಮ್ಮ ತಾಯಿಗೆ ಪೊರೆ ಶಸ್ತ್ರಚಿಕಿತ್ಸೆಯಾದ ಎರಡನೆಯ ದಿನವೇ ಡಾಕ್ಟರು ಸಮ್ಮೇಳನಕ್ಕೆಂದು ಮೂರು ದಿನ ಊರಿಗೆ ಹೋದರು. ಮೂರನೆಯ ದಿನ ಕಣ್ಣು ಕೆಂಪಾಗಿ ನೋವು ಬಂದಾಗ ನಾವು ತುಂಬ ಹೆದರಿದೆವು. ಈ ಸಮ್ಮೇಳನಗಳು ರೋಗಿಗಳಿಗಿಂತ ಮುಖ್ಯವೇ?
ಓದುಗರು, ಶಿರಾ

ಉತ್ತರ: ನಿಮ್ಮ ಅಸಮಾಧಾನ ನ್ಯಾಯವಾದದ್ದು. ಸಮ್ಮೇಳನದ ದಿನಾಂಕ ತಿಂಗಳುಗಳ ಮೊದಲೇ ಗೊತ್ತಿರುತ್ತದೆ. ಆದ್ದರಿಂದ ಹೊರಡುವ ಮುಂಚಿನ ವಾರದಲ್ಲಿ ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನು ಇಟ್ಟುಕೊಳ್ಳಬಾರದು, ಇಟ್ಟುಕೊಂಡರೆ ನೋಡಿಕೊಳ್ಳುವ ಇನ್ನೊಬ್ಬ ವೈದ್ಯರ ಹೆಸರನ್ನೂ ಫೋನ್ ಸಂಖ್ಯೆಯನ್ನೂ ಬಿಡುಗಡೆಯ ಚೀಟಿಯಲ್ಲೇ ಬರೆದುಕೊಡಬೇಕು. ಹಾವೇರಿಯ ವೈದ್ಯೆಗೂ ಇದೇ ನನ್ನ ಸಲಹೆ: ಪಕ್ಕದ ತಾಲ್ಲೂಕಿನ ನೇತ್ರ ವೈದ್ಯರೊಡನೆ, ‘ಈ ಬಾರಿ ನೀವು ಹೋಗಿ, ನಿಮ್ಮ ರೋಗಿಗಳನ್ನು ನಾನು ನೋಡುತ್ತೇನೆ’ ಎಂಬ ಒಪ್ಪಂದ ಮಾಡಿಕೊಳ್ಳಿ.

ಓದುಗರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಪೊರೆ ಶಸ್ತ್ರಚಿಕಿತ್ಸೆಯ ನಂತರದ ದಿನಗಳಲ್ಲಿ, ಅದರಲ್ಲೂ ಮೊದಲ ವಾರದಲ್ಲಿ, ಕಣ್ಣಿನ ನೋವು ಹೆಚ್ಚಾಗುತ್ತ ಹೋದರೆ, ಕೆಂಪು ಏರಿದರೆ, ಹಿಂದಿನ ದಿನ ಕಾಣುತ್ತಿದ್ದದ್ದು ಇಂದು ಮಸುಕಾದರೆ, ಅದು ಕಣ್ಣಿನೊಳಗೆ ಸೋಂಕು ಸೇರಿದ ಸೂಚನೆ ಇರಬಹುದು. ಅಂಥ ಸೋಂಕು ಅಪರೂಪ, ಆದರೆ ಗಂಟೆಗಳಲ್ಲಿ ದೃಷ್ಟಿಯನ್ನು ಕಳೆಯಬಲ್ಲದು. ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರು ಬರಲಿ ಎಂದು ಕಾಯದೆ ಅದೇ ದಿನ ಹತ್ತಿರದ ಕಣ್ಣಿನ ಆಸ್ಪತ್ರೆಗೆ ಹೋಗಿ.

ಸಮ್ಮೇಳನ ಬೇಕೇ ಎಂಬ ಪ್ರಶ್ನೆಗೆ ಮಾತ್ರ ನಿಮ್ಮ ತಾಯಿಯ ಶಸ್ತ್ರಚಿಕಿತ್ಸೆಯೇ ಉತ್ತರ. ನಾನು ವೃತ್ತಿಗೆ ಬಂದಾಗ ಪೊರೆ ತೆಗೆಸಿಕೊಂಡವರು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ದಿನಗಟ್ಟಲೆ ಮಲಗಿ, ಆಮೇಲೆ ಬದುಕಿರುವಷ್ಟು ಕಾಲ ದಪ್ಪ ಗಾಜಿನ ಕನ್ನಡಕ ಹಾಕಿಕೊಳ್ಳುತ್ತಿದ್ದರು. ಕಣ್ಣಿನೊಳಗೆ ಕೃತಕ ಮಸೂರ ಇಡುವ ಕೆಲಸವನ್ನು ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲೆ 1949ರಲ್ಲಿಯೇ ಮಾಡಿ ತೋರಿಸಿದ್ದರೂ, ಅದು ನಮ್ಮ ಊರುಗಳ ಶಸ್ತ್ರಚಿಕಿತ್ಸಾ ಕೊಠಡಿಗಳನ್ನು ತಲುಪಲು ದಶಕಗಳೇ ಬೇಕಾದವು. ಓದು ಮುಗಿಸಿ ಬಹಳ ವರ್ಷಗಳಾಗಿದ್ದ ವೈದ್ಯರು ಅದನ್ನು ಕಲಿತದ್ದು ಇಂಥ ಸಮ್ಮೇಳನ, ಕಾರ್ಯಾಗಾರಗಳಲ್ಲಿ, ಒಬ್ಬರ ಕೈ ನೋಡಿ ಇನ್ನೊಬ್ಬರು.

ಪ್ರಶ್ನೆ: ನನ್ನ ಮಗಳು ಕ್ಯಾಲಿಫೋರ್ನಿಯಾದಲ್ಲಿ ನೇತ್ರ ವೈದ್ಯೆ. ಊರಿಗೆ ಬಂದಾಗ ಬೆಂಗಳೂರಿನಲ್ಲಿ ಸಮ್ಮೇಳನವಿದ್ದರೆ ಹೋಗುವ ಆಸೆ ಅವಳಿಗಿದೆ. ಇಲ್ಲಿಯ ಕ್ರೆಡಿಟ್ ಅಲ್ಲಿ ನಡೆಯುತ್ತದೆಯೇ?
ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ನೇರವಾಗಿ ನಡೆಯುವುದಿಲ್ಲ. ಅಮೆರಿಕದಲ್ಲಿ ಒಂದೊಂದು ರಾಜ್ಯದ ವೈದ್ಯಕೀಯ ಮಂಡಳಿಗೂ ತನ್ನದೇ ನಿಯಮವಿದೆ. ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೆ 50 ಗಂಟೆ. ಅಲ್ಲಿ ಸಾಮಾನ್ಯವಾಗಿ ಕೇಳುವುದು ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಮೊದಲ ವರ್ಗದ ಕ್ರೆಡಿಟ್ಟನ್ನು, ಅದನ್ನು ಕೊಡಬಲ್ಲವರು ಅದಕ್ಕೆಂದು ಮಾನ್ಯತೆ ಪಡೆದ ಸಂಸ್ಥೆಗಳು. ಹೊರದೇಶದ ಕೆಲವು ಆಯ್ದ ಸಮ್ಮೇಳನಗಳನ್ನು ಆ ಸಂಘ ತಾನೇ ಮಾನ್ಯ ಮಾಡುವ ಒಂದು ಯೋಜನೆಯೂ ಇದೆ. ಆದ್ದರಿಂದ ಮಗಳು ಟಿಕೆಟ್ ಮಾಡಿಸುವ ಮೊದಲು ಇಲ್ಲಿಯ ಸಂಘಟಕರಿಗೆ ಪತ್ರ ಬರೆದು, ಅಂಥ ಮಾನ್ಯತೆ ಇದೆಯೇ ಎಂದು ಕೇಳಲಿ. ಅಲ್ಲಿಯ ಪದ್ಧತಿಯಲ್ಲಿ ನನಗೆ ತುಂಬ ಹಿಡಿಸಿದ ಒಂದು ಅಂಶವಿದೆ. ಕಾರ್ಯಕ್ರಮಕ್ಕೆ ಹೆಚ್ಚೆಂದರೆ ಇಷ್ಟು ಗಂಟೆ ಎಂದು ಸಂಸ್ಥೆ ಘೋಷಿಸುತ್ತದೆ. ಅದರಲ್ಲಿ ತಾನು ನಿಜವಾಗಿ ಭಾಗವಹಿಸಿದ್ದೆಷ್ಟು ಎಂಬುದನ್ನು ಹದಿನೈದು ನಿಮಿಷಗಳ ಲೆಕ್ಕದಲ್ಲಿ ವೈದ್ಯರೇ ಬರೆದು ಪಡೆಯಬೇಕು, ಕುಳಿತದ್ದಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಮಗಳು ಬಂದಾಗ ಇದನ್ನು ಇಲ್ಲಿಯ ಕಿರಿಯ ವೈದ್ಯರಿಗೆ ವಿವರಿಸಿ ಹೇಳಿದರೆ ನನಗೆ ಸಂತೋಷ.