ಹನ್ನೊಂದು ತಿಂಗಳ ಕೆಲಸ, ಹತ್ತು ವರ್ಷದ ಲೆಕ್ಕ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕೋಲಾರ, ಚಿಕ್ಕಬಳ್ಳಾಪುರದ ಕಡೆಯವು. ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ಪ್ರಶ್ನೆ, ಮುಂದೆ ಕೆಲಸ ಇರುತ್ತಾ ಅಂತ. ಹೆಸರು ಹಾಕಬೇಡಿ ಅಂತ ಹಲವರು ಕೇಳಿದ್ದಾರೆ, ಹಾಗಾಗಿ ಊರು ಮಾತ್ರ ಹಾಕಿದ್ದೇನೆ.

ಮುಳಬಾಗಿಲು ಹತ್ತಿರ ಎರಡು ಎಕರೆ ಟೊಮೆಟೊ ಇಡ್ತೀವಿ. ಮಗ ಎಸ್ಸೆಸ್ಸೆಲ್ಸಿ. ಕಂಪ್ಯೂಟರ್ ಓದಿಸೋಣ ಅಂತಿದ್ದೆ. ಈಗ ನೋಡಿದ್ರೆ ಎಐ ಬಂದು ಕಂಪ್ಯೂಟರ್ ಓದಿದವರಿಗೇ ಕೆಲಸ ಇಲ್ಲ ಅಂತಾರೆ. ಅವನಿಗೋ ಪುಸ್ತಕಕ್ಕಿಂತ ಮೋಟರ್ ಸ್ಟಾರ್ಟರ್ ಬಿಚ್ಚಿ ಜೋಡಿಸೋದೇ ಇಷ್ಟ. ಏನು ಮಾಡಲಿ?
– ಒಬ್ಬ ತಂದೆ, ಮುಳಬಾಗಿಲು

ಅಣ್ಣಾ, ಮೊದಲು ನಿಮ್ಮ ಪಹಣಿ ನೆನಪು ಮಾಡಿಕೊಳ್ಳಿ. ಇಪ್ಪತ್ತೈದು ವರ್ಷದ ಹಿಂದೆ ಪಹಣಿ ಬೇಕು ಅಂದರೆ ವಿಲೇಜ್ ಅಕೌಂಟೆಂಟ್ ಎಲ್ಲಿದ್ದಾರೆ ಅಂತ ಹುಡುಕಿಕೊಂಡು ಹೋಗಬೇಕಿತ್ತು. ಅವರು ಕೈಯಲ್ಲಿ ಬರೆದು ಕೊಟ್ಟಿದ್ದೇ ಪಹಣಿ. ಆಮೇಲೆ ಪಹಣಿಯನ್ನೆಲ್ಲ ಕಂಪ್ಯೂಟರಿಗೆ ಹಾಕುವ ಭೂಮಿ ಯೋಜನೆ ಬಂತು, ತಾಲ್ಲೂಕು ಕಚೇರಿಯ ಕಿಯೋಸ್ಕ್‌ನಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಕೈಗೆ ಬರುವ ಹಾಗಾಯಿತು, ಕೈಬರಹದ ಪಹಣಿಗೆ ಬೆಲೆ ಹೋಯಿತು. ಆ ಹುದ್ದೆ ಇನ್ನು ಮುಗಿಯಿತು ಅಂತ ಯಾರಿಗಾದರೂ ಅನ್ನಿಸಬೇಕಿತ್ತು ಅಲ್ವಾ? ಮುಗಿಯಲಿಲ್ಲ. ಹೆಸರು ಗ್ರಾಮ ಆಡಳಿತ ಅಧಿಕಾರಿ ಅಂತಾಯಿತು. 2024ರಲ್ಲಿ ಸರ್ಕಾರ 1,000 ಹುದ್ದೆಗೆ ಅರ್ಜಿ ಕರೆಯಿತು. ಅದೇ ವರ್ಷ ಅವರು ಮುಷ್ಕರಕ್ಕೂ ಕೂತರು. ಯಾಕೆ ಗೊತ್ತಾ? ಮೊಬೈಲಿಗೆ ಇಷ್ಟೊಂದು ಆ್ಯಪ್ ತುಂಬಿಸಿದರೆ ಕೆಲಸ ಮಾಡೋದು ಹೇಗೆ ಅಂತ.

ಹುದ್ದೆ ಹೋಗಲಿಲ್ಲ. ಹುದ್ದೆಯೊಳಗಿನ ಒಂದು ಕೆಲಸ ಹೋಯಿತು, ಆ ಜಾಗಕ್ಕೆ ಇನ್ನು ನಾಲ್ಕು ಬಂದು ಕೂತವು. ಎಐ ಕೂಡ ಬಹಳ ಕಡೆ ಹೀಗೇ ಬರುತ್ತದೆ ಅಂತ ನನ್ನ ಅಂದಾಜು. ವರ್ಲ್ಡ್ ಎಕನಾಮಿಕ್ ಫೋರಂ 2025ರ ವರದಿಯಲ್ಲಿ, 2030ರೊಳಗೆ ಜಗತ್ತಿನಲ್ಲಿ 9.2 ಕೋಟಿ ಕೆಲಸ ಹೋಗಿ 17 ಕೋಟಿ ಹೊಸ ಕೆಲಸ ಬರುತ್ತದೆ ಅಂದಿದೆ. ಸಾವಿರಕ್ಕೂ ಹೆಚ್ಚು ಕಂಪನಿಗಳನ್ನು ಕೇಳಿ ಹಾಕಿದ ಲೆಕ್ಕ ಅದು. ಕೇಳೋಕೆ ಚೆನ್ನಾಗಿದೆ, ಆದರೆ ಹೋಗುವ ಕೆಲಸ ಮುಳಬಾಗಿಲಿನದು, ಬರುವ ಕೆಲಸ ಇನ್ನೆಲ್ಲಿಯದೋ ಆದರೆ ನಿಮಗೇನು ಬಂದ ಹಾಗಾಯಿತು? ಆ ವರದಿ ಇಟ್ಟುಕೊಂಡು ಮಗನ ಓದು ತೀರ್ಮಾನ ಮಾಡೋಕಾಗುವುದಿಲ್ಲ.

ಕಂಪ್ಯೂಟರ್ ಓದೇನೂ ದಂಡವಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಟೈಪ್ ಮಾಡಿಕೊಡುವ ಕೆಲಸಕ್ಕೆ ಮಾತ್ರ ಬೆಲೆ ಇಳಿಯುತ್ತಿದೆ. ಆದರೆ ಸ್ಟಾರ್ಟರ್ ಬಿಚ್ಚುವ ಹುಡುಗನನ್ನು ನೀವು ಯಾಕೆ ಬಲವಂತವಾಗಿ ಪಿಯುಸಿ ಬೆಂಚಿನ ಮೇಲೆ ಕೂರಿಸಬೇಕು? ಎಸ್ಸೆಸ್ಸೆಲ್ಸಿ ಆದಮೇಲೆ ಸರ್ಕಾರದ ಜಿಟಿಟಿಸಿ ತರಬೇತಿ ಕೇಂದ್ರದಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ (ಉಪಕರಣ, ಅಚ್ಚು ತಯಾರಿಕೆ) ಡಿಪ್ಲೊಮಾ ಇದೆ, ಮೂರು ವರ್ಷ ಓದು, ಒಂದು ವರ್ಷ ಕಂಪನಿಯಲ್ಲೇ ತರಬೇತಿ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಎರಡು ವರ್ಷ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದರೆ ಬಿಇ ಎರಡನೇ ವರ್ಷಕ್ಕೇ ಸೇರಬಹುದು, ಹಾಗಾಗಿ ಮುಂದಿನ ಓದಿನ ಬಾಗಿಲೇನೂ ಮುಚ್ಚುವುದಿಲ್ಲ. ಅಂದ ಹಾಗೆ, ನಿಮ್ಮ ಕಡೆ ಹುಡುಗರು ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಮಾತಾಡಿಕೊಂಡೇ ಬೆಳೆಯುತ್ತಾರೆ. ಮೂರು ರಾಜ್ಯದವರು ಒಟ್ಟಿಗೆ ನಿಲ್ಲುವ ಶಾಪ್ ಫ್ಲೋರಿನಲ್ಲಿ ಅದೂ ಒಂದು ಯೋಗ್ಯತೆಯೇ, ಯಾರೂ ಮಾರ್ಕ್ಸ್ ಕೊಡುವುದಿಲ್ಲ ಅಷ್ಟೆ.

ಬಿಕಾಂ ಮಾಡಿದೀನಿ, 24 ವರ್ಷ. ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ಏಜೆನ್ಸಿ ಕಡೆಯಿಂದ ಲೈನ್ ಕೆಲಸ. ಬೆಳಗಿನ ಜಾವ ನಾಲ್ಕೂವರೆಗೆ ಬಸ್ ಬರುತ್ತೆ. 11 ತಿಂಗಳಾದ್ರೆ ಬ್ರೇಕ್, ಎರಡು ಮೂರು ತಿಂಗಳು ಬಿಟ್ಟು ಇನ್ನೊಂದು ಏಜೆನ್ಸಿ ಹೆಸರಲ್ಲಿ ಮತ್ತೆ ಕರೀತಾರೆ. ಬ್ರೇಕ್ ಆದಾಗೆಲ್ಲ ಪಿಎಫ್ ಬಿಡಿಸ್ಕೊಂಡಿದೀನಿ. ಈಗ ರೋಬೋ ಬರುತ್ತೆ, ನಮ್ಮನ್ನೆಲ್ಲ ತೆಗೀತಾರೆ ಅಂತ ಮಾತು. ಬಿಟ್ಟು ಬ್ಯೂಟಿಷಿಯನ್ ಕೋರ್ಸ್ ಸೇರಲಾ ಅಕ್ಕ?
– ಹೆಸರು ಬೇಡ, ಬಂಗಾರಪೇಟೆ ತಾಲ್ಲೂಕು

ತಂಗಿ, ರೋಬೋ ಸ್ವಲ್ಪ ಪಕ್ಕಕ್ಕಿಡು. ನಿನ್ನ ಪತ್ರದಲ್ಲಿ ನನಗೆ ಭಯ ಆಗಿದ್ದು ರೋಬೋ ಓದಿ ಅಲ್ಲ, "ಪಿಎಫ್ ಬಿಡಿಸ್ಕೊಂಡಿದೀನಿ" ಅನ್ನುವುದನ್ನು ಓದಿ.

ನಮ್ಮ ಜಿಲ್ಲೆಯಲ್ಲಿ ಕೆಲಸ ಹೋಗುವುದು ಹೊಸದಲ್ಲ. ಕೆಜಿಎಫ್‌ನ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಅಲ್ಲಿನವರ ಕೆಲಸವನ್ನು ಯಾವ ಯಂತ್ರವೂ ಕಿತ್ತುಕೊಳ್ಳಲಿಲ್ಲ, ಮೂರು ಕಿಲೋಮೀಟರ್ ಆಳಕ್ಕಿಳಿದು ಚಿನ್ನ ತೆಗೆಯುವ ಖರ್ಚು ಸಿಗುತ್ತಿದ್ದ ಚಿನ್ನದ ಬೆಲೆಯನ್ನು ಮೀರಿತು ಅಷ್ಟೆ. ಕೆಲಸ ಹೋದವರ ಮಕ್ಕಳು ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಓಡಾಡುವುದನ್ನು ಕಲಿತರು. ಆಮೇಲೆ ಫ್ಯಾಕ್ಟರಿಗಳು ಇತ್ತ ಕಡೆಗೇ ಬಂದವು, ನರಸಾಪುರದಲ್ಲಿ 2013ರಲ್ಲಿ ಹೋಂಡಾ ಶುರುವಾಯಿತು, ಈಗ ಅಲ್ಲೇ ಐಫೋನ್ ಜೋಡಿಸುತ್ತಾರೆ. ಕೆಲಸ ಬಂತು, ಸುಳ್ಳಲ್ಲ. ಆದರೆ ಗಣಿ ಕೆಲಸದ ಜೊತೆ ಕ್ವಾರ್ಟರ್ಸು, ಆಸ್ಪತ್ರೆ, ಸ್ಕೂಲು ಬಂದಿದ್ದವು. ಈಗಿನ ಕೆಲಸದ ಜೊತೆ ಬರುವುದು ಏಜೆನ್ಸಿಯ ವಾಟ್ಸಾಪ್ ಮೆಸೇಜು. 2020ರ ಡಿಸೆಂಬರ್‌ನಲ್ಲಿ ನರಸಾಪುರದ ಐಫೋನ್ ಫ್ಯಾಕ್ಟರಿಯಲ್ಲಿ ನಡೆದ ಗಲಾಟೆ ನೆನಪಿರಬೇಕು, ಅದರ ಬುಡದಲ್ಲೂ ಇದ್ದದ್ದು ಸಂಬಳ, ಓಟಿ ಲೆಕ್ಕ ಮತ್ತು ನಡುವೆ ನಿಂತ ಏಜೆನ್ಸಿಗಳು. ಮುಂದಿನ ಹತ್ತು ವರ್ಷ ನಿನ್ನಂಥವರ ಬದುಕನ್ನು ಬದಲಾಯಿಸುವುದು ರೋಬೋಗಿಂತ ಜಾಸ್ತಿ ಈ ಕಾಂಟ್ರ್ಯಾಕ್ಟೇ ಅಂತ ನನಗನ್ನಿಸುತ್ತದೆ.

ಈಗ ನಿನ್ನ ಪೇ ಸ್ಲಿಪ್ ತೆಗಿ. ಇಲ್ಲದಿದ್ದರೆ ನಾಳೆಯೇ ಕೇಳು, ಫೋನಿಗೆ ಬರುವ "ಸ್ಯಾಲರಿ ಕ್ರೆಡಿಟೆಡ್" ಮೆಸೇಜು ಪೇ ಸ್ಲಿಪ್ ಅಲ್ಲ. ಬೇಸಿಕ್ ಮತ್ತು ಡಿಎ ಸೇರಿ 15,000 ಅಂತ ಇಟ್ಟುಕೋ. ಅದರ ಶೇ. 12 ಅಂದರೆ 1,800 ನಿನ್ನ ಸಂಬಳದಲ್ಲಿ ಹಿಡಿಯುತ್ತಾರೆ. ಅಷ್ಟೇ ದುಡ್ಡು ಅವರೂ ಹಾಕಬೇಕು. ಅವರು ಹಾಕುವ 1,800ರಲ್ಲಿ 1,250 ಪಿಂಚಣಿ ಖಾತೆಗೆ, ಉಳಿದ 550 ನಿನ್ನ ಪಿಎಫ್‌ಗೆ. ಪಿಎಫ್ ಬಿಡಿಸುವಾಗ ಸೈಬರ್ ಸೆಂಟರಿನವನು ಅದರ ಜೊತೆಗೆ ಪಿಂಚಣಿ ಫಾರಂ ಕೂಡ ಹಾಕಿ ಎರಡೂ ದುಡ್ಡು ತೆಗೆಸಿಕೊಟ್ಟಿರುತ್ತಾನೆ. ಅಲ್ಲಿಗೆ ಅಲ್ಲಿಯವರೆಗಿನ ನಿನ್ನ ಸರ್ವಿಸ್ ಅಳಿಸಿ ಹೋಯಿತು, ಮತ್ತೆ ಸೊನ್ನೆಯಿಂದ ಶುರು. ಹತ್ತು ವರ್ಷ ಸರ್ವಿಸ್ ಆದರೆ 58ಕ್ಕೆ ಪಿಂಚಣಿ ಸಿಗುತ್ತದೆ, ಮತ್ತು ಆ ಹತ್ತು ವರ್ಷ ಒಂದೇ ಕಂಪನಿಯಲ್ಲಿ ಒಂದೇ ಸಮನೆ ಆಗಿರಬೇಕಿಲ್ಲ, ಮಧ್ಯೆ ಎಷ್ಟು ಏಜೆನ್ಸಿ ಬದಲಾದರೂ ಯುಎಎನ್ (ನಿನ್ನ ಪಿಎಫ್ ನಂಬರು) ಒಂದೇ ಇಟ್ಟುಕೊಂಡು, ದುಡ್ಡು ಬಿಡಿಸದೆ ಟ್ರಾನ್ಸ್‌ಫರ್ ಮಾಡಿಸುತ್ತಾ ಹೋದರೆ ಎಲ್ಲ ಕೂಡಿಕೊಳ್ಳುತ್ತದೆ. ದೊಡ್ಡ ಮೊತ್ತ ಅಂತ ಆಸೆ ಹುಟ್ಟಿಸುವುದಿಲ್ಲ, 15,000 ಲೆಕ್ಕಕ್ಕೆ ಹತ್ತು ವರ್ಷಕ್ಕೆ ತಿಂಗಳಿಗೆ ಎರಡು ಸಾವಿರದ ಚಿಲ್ಲರೆ. ಆದರೂ ನಿನ್ನದೇ ದುಡ್ಡು ತಾನೆ, ಸುಮ್ನೆ ಯಾಕೆ ಬಿಡಬೇಕು? ಏಜೆನ್ಸಿ ಬದಲಾದಾಗ ಹೊಸ ಯುಎಎನ್ ಮಾಡಿಕೊಡ್ತೀವಿ ಅಂದರೆ ಒಪ್ಪಬೇಡ. ಹಿಡಿದ ದುಡ್ಡು ನಿಜವಾಗಲೂ ಕಟ್ಟಿದ್ದಾರಾ ಅಂತ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ನೋಡು.

ಇಎಸ್‌ಐ (ಕಾರ್ಮಿಕರ ವಿಮೆ) ಕೂಡ ನೋಡು. ಸಂಬಳ 21,000 ಒಳಗಿದ್ದರೆ ನಿನ್ನಿಂದ ಶೇ. 0.75, ಅವರಿಂದ ಶೇ. 3.25. ಮುಂದೆ ಮದುವೆ, ಮಗು ಅಂತಾದರೆ 26 ವಾರದ ಹೆರಿಗೆ ರಜೆಯ ದುಡ್ಡು ಇದರಿಂದಲೇ ಬರುವುದು, ಅದಕ್ಕೆ ಹಿಂದಿನ ಎರಡು ಕಂತಿನ ಅವಧಿಯಲ್ಲಿ (ಒಂದೊಂದೂ ಆರು ತಿಂಗಳು) ಕನಿಷ್ಠ 70 ದಿನದ್ದು ಕಟ್ಟಿರಬೇಕು. ಇನ್ನೊಂದು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ, ಎಲ್ಲರಿಗೂ ನೇಮಕಾತಿ ಪತ್ರ ಕೊಡಲೇಬೇಕು. ನಿಗದಿತ ಅವಧಿಗೆ ಕಂಪನಿಯೇ ನೇರವಾಗಿ ತೆಗೆದುಕೊಂಡವರಿಗೆ ಗ್ರಾಚ್ಯುಟಿ ಒಂದು ವರ್ಷಕ್ಕೇ ಸಿಗುತ್ತದೆ, ಮೊದಲು ಐದು ವರ್ಷ ಬೇಕಿತ್ತು. ಒಂದು ವರ್ಷ ಅಂದರೆ ಹನ್ನೆರಡು ತಿಂಗಳು, ನಿನಗೆ ಬ್ರೇಕ್ ಕೊಡುವುದು ಹನ್ನೊಂದಕ್ಕೆ. ಹಾಗಾಗಿ ಇನ್ನೊಂದು ಸಲ ಕರೆದಾಗ ಏಜೆನ್ಸಿ ರೋಲಾ, ಕಂಪನಿ ರೋಲಾ, ಎಷ್ಟು ತಿಂಗಳು ಅಂತ ಕೇಳಿಯೇ ಸಹಿ ಹಾಕು.

ರೋಬೋ ವಿಷಯಕ್ಕೆ ಬಂದರೆ, ಸ್ಕ್ರೂ ಹಾಕುವ, ಎತ್ತಿ ಇಡುವ ಜಾಗಕ್ಕೆ ಅದು ಬರುತ್ತದೆ, ಇಲ್ಲ ಅನ್ನೋದಿಲ್ಲ. ಅದೇ ಲೈನಿನಲ್ಲಿ ಟೆಸ್ಟಿಂಗ್ ಇದೆ, ರಿವರ್ಕ್ ಟೇಬಲ್ ಇದೆ, ಕ್ವಾಲಿಟಿ ಇದೆ, ಸ್ಟೋರ್ಸ್ ಲೆಕ್ಕ ಇದೆ. ನೀನು ಬಿಕಾಂ ಓದಿರುವವಳು, ಸ್ಟೋರ್ಸ್ ಕಡೆ ಯಾಕೆ ಕೇಳಿ ನೋಡಬಾರದು? ಬ್ರೇಕ್ ಆದಾಗೆಲ್ಲ ಮಾಡಿದ ಕೆಲಸ ಬರೆದ ಅನುಭವ ಪತ್ರ ಇಸ್ಕೋ. ಬ್ಯೂಟಿಷಿಯನ್ ಕೋರ್ಸ್ ಒಳ್ಳೆಯದೇ, ಆದರೆ ಕಲಿತ ಮೇಲೆ ಅಂಗಡಿ ಹಾಕಲು ಅಡ್ವಾನ್ಸು, ಕುರ್ಚಿ, ಕನ್ನಡಿ ಅಂತ ದುಡ್ಡು ಬೇಕು. ಆ ದುಡ್ಡು ಕೂಡುವವರೆಗೂ ಈ ಕೆಲಸ ಬಿಡಬೇಡ.

ಶಿಡ್ಲಘಟ್ಟದಲ್ಲಿ ಕಾಟೇಜ್ ಬೇಸಿನ್ ಇಟ್ಟು ರೇಷ್ಮೆ ಗೂಡಿನಿಂದ ನೂಲು ತೆಗೆಸ್ತೀನಿ. ಕೆಲಸದವರು ಸಿಗ್ತಾ ಇಲ್ಲ. ಪರಿಚಯದವರು ಆಟೊಮ್ಯಾಟಿಕ್ ರೀಲಿಂಗ್ ಮಿಷನ್ ಹಾಕಿದ್ದಾರೆ. ನಾನೂ ಸಾಲ ಮಾಡಿ ಹಾಕಲಾ? ಅಥವಾ ಇದು ನಮ್ಮ ಕಾಲಕ್ಕೇ ಮುಗಿಯೋ ಕಸುಬಾ?
– ರೀಲರ್, ಶಿಡ್ಲಘಟ್ಟ

ಕೆಲಸದವರು ಯಾಕೆ ಸಿಗುತ್ತಿಲ್ಲ ಅಂತ ನಿಮಗೂ ಗೊತ್ತು. ಬೆಂದ ಗೂಡಿನ ವಾಸನೆಯಲ್ಲಿ ದಿನವಿಡೀ ಬಿಸಿನೀರಿಗೆ ಕೈ ಇಟ್ಟು ಎಳೆ ಹುಡುಕಬೇಕು, ಬೆರಳ ತುದಿ ಬೆಳ್ಳಗೆ ಸುಕ್ಕಾಗಿ ಬಿರಿಯುತ್ತದೆ. ಆ ಕೆಲಸ ಮಾಡಿದವರು ತಮ್ಮ ಮಕ್ಕಳನ್ನು ಅಲ್ಲಿಗೆ ಕಳಿಸುವುದಿಲ್ಲ. ಕೈಯಿಂದ ಮಾಡುವುದೆಲ್ಲ ಉಳಿಯಲಿ ಅಂತ ಬರೆಯುವವರಿದ್ದಾರೆ, ನನಗಂತೂ ಈ ಕೆಲಸ ಮಿಷನ್‌ಗೆ ಹೋದರೆ ಬೇಜಾರಿಲ್ಲ.

ಆದರೆ ಸಾಲದ ವಿಷಯ ಬೇರೆ. ಆ ಮಿಷನ್‌ಗೆ ಒಂದೇ ಸಲಕ್ಕೆ ನೂರಾರು ಎಳೆ, ಅದರ ಹೊಟ್ಟೆಗೆ ದಿನವೂ ಒಂದೇ ಸಮನಾದ ಒಳ್ಳೆಯ ಬಿವಿ (ದ್ವಿತಳಿ) ಗೂಡು ಬೇಕು. ಎಳೆ ತೆಳುವಾದರೆ ತಾನೇ ಗೊತ್ತು ಮಾಡಿಕೊಂಡು ಹೊಸ ಗೂಡಿನ ಎಳೆ ಸೇರಿಸುತ್ತದೆ, ಆದರೆ ಗೂಡೇ ಸರಿ ಇಲ್ಲದಿದ್ದರೆ ಅದೇನು ಮಾಡೀತು. ಮಾರ್ಕೆಟ್‌ನಲ್ಲಿ ಸಿಬಿ (ಮಿಶ್ರತಳಿ) ಗೂಡು ಸಿಗುವಷ್ಟು ಬಿವಿ ನಿಮಗೆ ದಿನಾ ಸಿಗುತ್ತಾ? ಮಳೆಗಾಲದಲ್ಲಿ? ರೇಟ್ ಏರಿದಾಗ ದೊಡ್ಡವರ ಜೊತೆ ಹರಾಜಿನಲ್ಲಿ ನಿಲ್ಲೋಕಾಗುತ್ತಾ? ರೇಷ್ಮೆ ಇಲಾಖೆಯಲ್ಲಿ ಸಬ್ಸಿಡಿ ವಿಚಾರಿಸಿ, ಆದರೆ ಸಬ್ಸಿಡಿ ಮಿಷನ್‌ಗೆ ಸಿಗುತ್ತದೆ, ಗೂಡು ಕೊಳ್ಳುವ ದುಡ್ಡು ನಿಮ್ಮದೇ. ಒಬ್ಬರೇ ಹಾಕುವ ಬದಲು ಮೂರು ನಾಲ್ಕು ಜನ ರೀಲರ್‌ಗಳು ಸೇರಿ ಹಾಕುವುದಾದರೆ ನಾನು ಹೂಂ ಅನ್ನುತ್ತೇನೆ. ಇಲ್ಲದಿದ್ದರೆ ಅದಕ್ಕಿಂತ ಚಿಕ್ಕದಾದ ಮಲ್ಟಿ ಎಂಡ್ ಮಿಷನ್ ಕಡೆ ನೋಡಿ. ಮತ್ತೆ, ಗೂಡನ್ನು ಕೈಗೆ ತೆಗೆದುಕೊಂಡು ಒತ್ತಿ, ಅಲ್ಲಾಡಿಸಿ ಕೇಳಿ ಇದರಲ್ಲಿ ಇಷ್ಟು ನೂಲು ಬರುತ್ತೆ ಅನ್ನುವ ನಿಮ್ಮ ಹಳಬರಿದ್ದಾರಲ್ಲ, ಅವರನ್ನು ಮಾತ್ರ ಬಿಡಬೇಡಿ. ಮಿಷನ್ ಬಂದ ಮೇಲೂ ಗೂಡು ಕೊಳ್ಳಬೇಕಾದವರು ಅವರೇ.

ಮಂಡಿಯಲ್ಲಿ ಟ್ಯಾಲಿ ಲೆಕ್ಕ ಬರೀತೀನಿ. ಬಿಲ್ಲಿನ ಫೋಟೊ ತೆಗೆದರೆ ತಾನೇ ಎಂಟ್ರಿ ಮಾಡೋ ಆ್ಯಪ್ ಬಂದಿದೆ. ನನ್ನ ಗತಿ?
– ಅಕೌಂಟೆಂಟ್, ಚಿಂತಾಮಣಿ

ಎಂಟ್ರಿ ಹೋಗುತ್ತದೆ, ಅದನ್ನು ನೆಚ್ಚಿಕೊಂಡು ಕೂರಬೇಡಿ. ಆದರೆ 2017ರಲ್ಲಿ ಜಿಎಸ್‌ಟಿ ಬಂದಾಗ ನಿಮ್ಮ ಕೆಲಸ ಕಮ್ಮಿ ಆಯಿತಾ, ಜಾಸ್ತಿ ಆಯಿತಾ? ಪೋರ್ಟಲ್ಲಿನ 2ಬಿ ಪಟ್ಟಿ ಜೊತೆ ಖರೀದಿ ಬಿಲ್ಲು ತಾಳೆ ನೋಡುವುದು, ಕಟ್ಟಿದ ತೆರಿಗೆಯ ಕ್ರೆಡಿಟ್ ಯಾಕೆ ಬಂದಿಲ್ಲ ಅಂತ ಸಪ್ಲೈಯರ್‌ಗೆ ಫೋನ್ ಮಾಡಿ ಜಗಳ ಆಡುವುದು, ನೋಟಿಸ್ ಬಂದರೆ ಉತ್ತರ ಬರೆಯುವುದು, ಇಷ್ಟನ್ನು ಚೆನ್ನಾಗಿ ಕಲಿಯಿರಿ. ನೋಟಿಸ್ ನೋಡಿದ ತಕ್ಷಣ ಮಂಡಿ ಸಾಹುಕಾರರು ಹುಡುಕುವುದು ಆ್ಯಪ್ ಅಲ್ಲ, ನಿಮ್ಮನ್ನು.

ಕೋಲಾರ ಟೌನಲ್ಲಿ ಊಟ ಡೆಲಿವರಿ ಮಾಡ್ತೀನಿ. ನಮಗೂ ಏನೋ ಕಾನೂನು ಬಂದಿದೆಯಂತೆ, ಹೌದಾ?
– ಡೆಲಿವರಿ ಹುಡುಗ, ಕೋಲಾರ

ಹೌದಪ್ಪ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ, ಅಂದರೆ ನಿನ್ನ ಹಾಗೆ ಆ್ಯಪ್ ಮೂಲಕ ಕೆಲಸ ಮಾಡುವವರ, ಕಾಯ್ದೆ ಮಾಡಿದೆ. ನಿನಗೆ ಕೊಡುವ ದುಡ್ಡಿನ ಮೇಲೆ ಕಂಪನಿ ಶೇ. 1ರಿಂದ 5ರಷ್ಟನ್ನು ಕಲ್ಯಾಣ ನಿಧಿಗೆ ಕಟ್ಟಬೇಕು. ಐಡಿ ಬ್ಲಾಕ್ ಮಾಡಬೇಕಾದರೆ ಕಾರಣ ಹೇಳಬೇಕು. ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ ಮಾಡಿಸಿದ್ದೀಯಾ? ಇಲ್ಲದಿದ್ದರೆ ಮಾಡಿಸು, ದುಡ್ಡು ಕೊಡಬೇಕಿಲ್ಲ. ಐಡಿ ಬ್ಲಾಕ್ ಆದರೆ ಸ್ಕ್ರೀನ್‌ಶಾಟ್ ತೆಗೆದಿಡು.

ಮನೆಯಲ್ಲೇ ಕೂತು ಟೈಪಿಂಗ್, ತಿಂಗಳಿಗೆ 30,000 ಅಂತ ಟೆಲಿಗ್ರಾಂನಲ್ಲಿ ಬಂತು. ಮೊದಲ ದಿನ 400 ರೂಪಾಯಿ ನಿಜವಾಗಲೂ ಹಾಕಿದರು. ಈಗ 2,500 ಡಿಪಾಸಿಟ್ ಕೇಳ್ತಿದ್ದಾರೆ. ಮುಂದಿನ ಕಾಲದಲ್ಲಿ ಎಲ್ಲಾ ಮನೆಯಿಂದಲೇ ಕೆಲಸ ಅಂತಾರಲ್ಲ, ಕಟ್ಟಲಾ?
– ಗೃಹಿಣಿ, ಗೌರಿಬಿದನೂರು

ಕಟ್ಟಬೇಡಿ. ಕೆಲಸ ಕೊಡುವವರು ಸಂಬಳ ಕೊಡುತ್ತಾರೆ, ಡಿಪಾಸಿಟ್ ಕೇಳುವುದಿಲ್ಲ. ಆ 400 ನಿಮ್ಮನ್ನು ನಂಬಿಸೋಕೆ ಹಾಕಿದ್ದು, 2,500 ಆದಮೇಲೆ 10,000 ಕೇಳುತ್ತಾರೆ. ಆಧಾರ್, ಪಾಸ್‌ಬುಕ್ ಫೋಟೊ ಕಳಿಸಿದ್ದರೆ ಬ್ಯಾಂಕಿಗೆ ಹೋಗಿ ತಿಳಿಸಿ. ಈಗಾಗಲೇ ಕಟ್ಟಿಬಿಟ್ಟಿದ್ದರೆ ಯಜಮಾನರು ಬೈತಾರೆ ಅಂತ ಮುಚ್ಚಿಡಬೇಡಿ ಅಮ್ಮಾ, ತಡ ಆದಷ್ಟೂ ದುಡ್ಡು ಸಿಗುವುದು ಕಷ್ಟ. ಪತ್ರಿಕೆ ಮಡಿಸಿಟ್ಟು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.