ಎವಲ್ಯೂಷನ್ ತೆಗೆಯಲು ಹೋದರೆ ಗ್ನೋಮ್ ಕೂಡ ಹೋಗುತ್ತದೆ ಎನ್ನುತ್ತಿದೆ, ಏನು ಮಾಡಲಿ?

ಡೆಬಿಯನ್ ಲಿನಕ್ಸ್‌ನಲ್ಲಿ ಇಮೇಲ್ ತಂತ್ರಾಂಶ ಎವಲ್ಯೂಷನ್ ಒಂದನ್ನೇ ತೆಗೆಯಲು ಹೊರಟಾಗ, ತೆಗೆಯುವ ಪಟ್ಟಿಯಲ್ಲಿ ಇಡೀ ಡೆಸ್ಕ್‌ಟಾಪ್‌ನ ಹೆಸರಾದ ‘ಗ್ನೋಮ್’ ಕೂಡ ಕಾಣಿಸಿ ಗಾಬರಿಯಿಂದ ಬೇಡವೆಂದು ‘ಎನ್’ ಒತ್ತಿದೆ ಎಂದಿದ್ದೀರಿ. ನಿಲ್ಲಿಸಿ ಕೇಳಿದ್ದು ಒಳ್ಳೆಯದೇ ಆಯಿತು. ಆದರೆ ಈ ಪಟ್ಟಿಗೆ ಹೆದರಬೇಕಾಗಿಲ್ಲ.

ಅಲ್ಲಿರುವ ಗ್ನೋಮ್ ನಿಮ್ಮ ಡೆಸ್ಕ್‌ಟಾಪ್ ಅಲ್ಲ, ಮೆಟಾಪ್ಯಾಕೇಜ್. ಅದರೊಳಗೆ ಓಡುವ ಪ್ರೋಗ್ರಾಂ ಒಂದೂ ಇಲ್ಲ. ಯಾವ ಯಾವ ಪ್ಯಾಕೇಜ್ (ತಂತ್ರಾಂಶದ ಕಟ್ಟು) ಬೇಕು ಎಂಬುದಷ್ಟೇ ಇದೆ, ಅಂಗಡಿಗೆ ಕೊಡುವ ದಿನಸಿ ಚೀಟಿಯ ಹಾಗೆ. ಎವಲ್ಯೂಷನ್ ಕಡ್ಡಾಯ ಎಂದು ಚೀಟಿಯಲ್ಲಿರುವುದರಿಂದ, ಅದನ್ನು ತೆಗೆದರೆ, ಪ್ಯಾಕೇಜ್ ಹಾಕುವ ತೆಗೆಯುವ ಸಾಧನವಾದ ಆಪ್ಟ್ ಚೀಟಿಯನ್ನೇ ಹರಿದುಹಾಕುತ್ತದೆ. ಡಬ್ಬಿಯಲ್ಲಿರುವ ಅಕ್ಕಿ ಬೇಳೆ ಎಲ್ಲಿಗೂ ಹೋಗುವುದಿಲ್ಲ. ಬರೀ ಶಿಫಾರಸು ಎಂದು ಬರೆದಿದ್ದರೆ ಚೀಟಿಯೂ ಉಳಿಯುತ್ತಿತ್ತು.

ಹೆದರಬೇಕಾದ ಪಟ್ಟಿ ಬೇರೆ. ನನ್ನ ಚಿಕ್ಕಪ್ಪನ ಮಗ ಎಸ್.ಪಿ. ರಸ್ತೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಕೊಂಡು, ಡೆಬಿಯನ್ ಮೇಲೆ ಕಟ್ಟಿದ ಉಬುಂಟು ಹಾಕಿಕೊಂಡಿದ್ದ. ಪ್ರೋಗ್ರಾಮಿಂಗ್ ಭಾಷೆ ಪೈಥಾನ್ 3 ಕೆಟ್ಟಿದೆ ಎಂದುಕೊಂಡು, ತೆಗೆದು ಮತ್ತೆ ಹಾಕೋಣವೆಂದು ಹೊರಟ. ಪರದೆ ತುಂಬಿ ಮೇಲಕ್ಕೆ ಸರಿದ ಪಟ್ಟಿಯನ್ನು ಓದದೆ ‘ವೈ’ ಒತ್ತಿದ. ಉಬುಂಟುವಿನ ಎಷ್ಟೋ ಭಾಗಗಳು ಪೈಥಾನ್ ಇಲ್ಲದೆ ನಡೆಯುವುದಿಲ್ಲ. ಅಲ್ಲಿ ಹೋದದ್ದು ಚೀಟಿಯಲ್ಲ, ನಿಜವಾದ ಪ್ಯಾಕೇಜುಗಳು. ಮತ್ತೆ ಚಾಲೂ ಮಾಡಿದಾಗ ಕಪ್ಪು ಪರದೆಯ ಮೇಲೆ ‘ಲಾಗಿನ್’ ಎಂಬ ಒಂದೇ ಪದ. ನಾನು ಬಸವನಗುಡಿಯ ಅವರ ಮನೆಯಲ್ಲಿ ಕುಳಿತು, ಆಪ್ಟ್‌ನ ‘ಹಿಸ್ಟರಿ’ ಲಾಗ್ ಕಡತದಲ್ಲಿ ಅಳಿಸಿದ್ದೆಲ್ಲವನ್ನೂ ನೋಡಿಕೊಂಡು ಒಂದೊಂದಾಗಿ ಮರಳಿ ಹಾಕುವಷ್ಟರಲ್ಲಿ ನಡುರಾತ್ರಿ ದಾಟಿತ್ತು. ಆ ಕಡತ ಇರುವುದನ್ನು ದಯವಿಟ್ಟು ನೆನಪಿಡಿ.

ಹಾಗಾಗಿ ತೆಗೆಯುವ ಮೊದಲು ‘ಆಪ್ಟ್-ಗೆಟ್ ರಿಮೂವ್’ ಆಜ್ಞೆಗೆ ‘-ಎಸ್’ ಸೇರಿಸಿ ಓಡಿಸಿ. ಏನೂ ಅಳಿಯದೆ ಪಟ್ಟಿ ಮಾತ್ರ ಬರುತ್ತದೆ. ಅನುಮಾನ ಬಂದ ಹೆಸರಿಗೆ ‘ಆಪ್ಟ್ ಶೋ’ ಕೊಡಿ. ಗಾತ್ರ ಕೆಲವೇ ಕಿಲೋಬೈಟ್ ಇದ್ದು, ವಿವರಣೆಯಲ್ಲಿ ಮೆಟಾಪ್ಯಾಕೇಜ್ ಎಂದಿದ್ದರೆ ನಿಶ್ಚಿಂತೆಯಿಂದ ಹೋಗಲು ಬಿಡಬಹುದು.

ಇನ್ನು ಬೇಡವಾದ ಪ್ಯಾಕೇಜುಗಳನ್ನು ತಾನೇ ಹುಡುಕಿ ಅಳಿಸುವ ‘ಆಟೋರಿಮೂವ್’ ಆಜ್ಞೆ. ಚೀಟಿ ಹೋದ ಮೇಲೆ ಅದರ ಮೂಲಕ ಬಂದವುಗಳು ‘ಯಾರಿಗೂ ಬೇಡವಾದವು’ ಎಂದು ಎಣಿಕೆಯಾಗುವ ಅಪಾಯವಿದೆ. ಮೆಟಾಪ್ಯಾಕೇಜ್ ವಿಭಾಗದಲ್ಲಿರುವ ಚೀಟಿಗಳ ವಿಷಯದಲ್ಲಿ ಡೆಬಿಯನ್ ಇದಕ್ಕೆ ರಕ್ಷಣೆ ಕೊಟ್ಟಿದೆ, ಆದರೆ ಎಲ್ಲ ಚೀಟಿಗಳೂ ಆ ವಿಭಾಗದಲ್ಲಿ ಇರುವುದಿಲ್ಲ. ಅದನ್ನೇ ನಂಬಿ ಕೂರುವ ಬದಲು ‘ಆಪ್ಟ್-ಮಾರ್ಕ್ ಮ್ಯಾನುಯಲ್ ಗ್ನೋಮ್-ಕೋರ್’ ಎಂದು ಕೊಟ್ಟುಬಿಡಿ. ಡೆಸ್ಕ್‌ಟಾಪ್‌ನ ತಿರುಳಿನ ಚೀಟಿ ಅದೇ; ಅದು ನಿಮಗೆ ಬೇಕಾದದ್ದೆಂದು ಆಪ್ಟ್‌ಗೆ ಗೊತ್ತಾಗುತ್ತದೆ. ನಂತರ ಎವಲ್ಯೂಷನ್ ತೆಗೆಯಿರಿ.